ಬಾಥರ್ಸ್ಟ್ ರಸ್ತೆಯ ಹಿಂದಿನ ಕಮರಿ

ಟೊರಾಂಟೊ ಕಡೆಗೆ ಬಂದ ಕನ್ನಡಿಗರು ನಯಾಗರಾ ಮುಂದೆ ಕೆಂಪು ಪ್ಲಾಸ್ಟಿಕ್ ಕೋಟು ತೊಟ್ಟು ಫೋಟೊ ತೆಗೆಸಿಕೊಳ್ಳದೆ ಹಿಂತಿರುಗುವುದಿಲ್ಲ. ನಾನೂ ಆ ಶಾಸ್ತ್ರ ಮುಗಿಸಿದೆ. ಸಿ.ಎನ್. ಟವರ್ ಹತ್ತಿದ್ದಾಯಿತು, ಬ್ರಾಂಪ್ಟನ್ನಿನ ಅಂಗಡಿಯಲ್ಲಿ ನುಗ್ಗೆಕಾಯಿ, ಕರಿಬೇವು ಕೊಂಡದ್ದೂ ಆಯಿತು. ಆಮೇಲೆ ಮಿಸ್ಸಿಸಾಗಾದಲ್ಲಿ ನೆಲೆಸಿರುವ ಅಕ್ಕನ ಮಗಳ ಮುಂದೆ ನನ್ನ ಬೇಡಿಕೆ ಇಟ್ಟೆ: ಬಾಥರ್ಸ್ಟ್ ರಸ್ತೆಯ 1599ನೇ ನಂಬರಿನ ಕಟ್ಟಡ, ಅದರ ಹಿಂದಿರುವ ಹಳ್ಳ, ಇವೆರಡನ್ನು ನೋಡಬೇಕು.

"ಹಳ್ಳ ನೋಡೋಕೆ ಸಾಗರದಿಂದ ಇಲ್ಲಿಗೆ ಬಂದ್ರಾ ಮಾವ?" ಎಂದು ನಕ್ಕಳು. ಆದರೂ ರಜೆ ಹಾಕಿ ಜೊತೆಗೆ ಹೊರಟಳು.

ನನ್ನ ಕಾರಣ ಹಳೆಯದು. ಮಲೆನಾಡಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಹೆಮಿಂಗ್ವೆಯ 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿ ಪಾಠಕ್ಕೆ ಬಂದಾಗ ಗೈಡುಗಳಲ್ಲಿ ಸಿದ್ಧವಾದ ಪಟ್ಟಿಯೊಂದಿರುತ್ತಿತ್ತು. ಮಳೆ ಎಂದರೆ ಸಾವು, ಬಯಲು ಎಂದರೆ ಯುದ್ಧ, ಬೆಟ್ಟ ಎಂದರೆ ನೆಮ್ಮದಿ, ನದಿ ಎಂದರೆ ಮರುಹುಟ್ಟು. ಹೆಂಚಿನ ಮೇಲೆ ಜಡಿಮಳೆ ಬಡಿಯುವ ಸದ್ದಿನಲ್ಲಿ ನನ್ನ ದನಿಯೇ ಕೇಳಿಸದಿದ್ದಾಗ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಅದೇ ಮಳೆಗೆ ಅವರ ಮನೆಗಳಲ್ಲಿ ಸಸಿ ನಾಟಿ ನಡೆದಿರುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಆ ಊರಲ್ಲಿ ಗದ್ದೆ ಇಲ್ವಾ ಸರ್?" ಎಂದು ಕೇಳಿದ. ಪಕ್ಕದಲ್ಲಿ ಕೂತ ಅಡಿಕೆ ಬೆಳೆಗಾರರ ಮನೆಯ ಹುಡುಗ, "ತೋಟಕ್ಕೆ ಕೊಳೆ ಬಂದ್ರೆ ಗೊತ್ತಾಗುತ್ತೆ ಸುಮ್ಮನಿರೋ" ಅಂದ. ಪಟ್ಟಿ ಹೇಳುವಷ್ಟು ಸಲೀಸಾಗಿ ಮಳೆಗೆ ಅರ್ಥ ಅಂಟುವುದಿಲ್ಲ ಎಂಬುದು ಆ ಇಬ್ಬರಿಗೂ ಗೊತ್ತಿತ್ತು. ಹೆಮಿಂಗ್ವೆಯ ಮಳೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ದಾರಿ ಕಥೆ ನಡೆಯುವ ಇಟಲಿಗೆ ಹೋಗದೆ ಟೊರಾಂಟೊಗೆ ಬಂದು ನಿಂತಿತು.

ಅಕ್ಟೋಬರ್ ತಿಂಗಳ ನಡುಭಾಗ. ನಮ್ಮ ಲೆಕ್ಕದಲ್ಲಿ ಚಿತ್ತೆ ಮಳೆ ಹುಟ್ಟಿದ ಹೊತ್ತು. ಕಿಪ್ಲಿಂಗ್ ನಿಲ್ದಾಣದಲ್ಲಿ ಸುರಂಗ ರೈಲು ಹತ್ತಿ, ನಡುವೆ ಒಮ್ಮೆ ಬದಲಿಸಿ, ಸೇಂಟ್ ಕ್ಲೇರ್ ವೆಸ್ಟ್‌ನಲ್ಲಿ ಇಳಿದೆವು. ಮೇಲೆ ಬಂದರೆ ಸಣ್ಣ ಜಿನುಗು, ಮೇಪಲ್ ಎಲೆಗಳೆಲ್ಲ ಕುಂಕುಮದ ಬಣ್ಣ.

ಟೊರಾಂಟೊ ನಕ್ಷೆಯ ಮೇಲೆ ಚೌಕಾಬಾರದ ಮನೆಯಂತೆ ಕಾಣುವ ಸಪಾಟು ಊರು. ನೆಟ್ಟಗಿನ ರಸ್ತೆಗಳು, ಅವನ್ನು ಅಡ್ಡಡ್ಡ ಕತ್ತರಿಸುವ ಇನ್ನಷ್ಟು ನೆಟ್ಟಗಿನ ರಸ್ತೆಗಳು. ನಡೆಯತೊಡಗಿದರೆ ಮಾತ್ರ ನೆಲದ ನಿಜ ತಿಳಿಯುತ್ತದೆ. ಎರಡು ಬೀದಿಗಳ ನಡುವೆ ಭೂಮಿ ಇದ್ದಕ್ಕಿದ್ದಂತೆ ಕುಸಿದು ಮರಗಳಿಂದ ತುಂಬಿದ ಕಮರಿಯಾಗುತ್ತದೆ. ಇಲ್ಲಿಯವರು ಅದನ್ನು ರವೀನ್ ಎನ್ನುತ್ತಾರೆ. ನಗರದ ವಿಸ್ತೀರ್ಣದಲ್ಲಿ ಸುಮಾರು ಶೇ. 17ರಷ್ಟು ಇಂಥ ಕಮರಿಗಳೇ. ಸುಮಾರು 12,000 ವರ್ಷಗಳ ಹಿಂದೆ ಹಿಮಗಡ್ಡೆ ಹಿಂದೆ ಸರಿದಾಗ ಇಲ್ಲಿ ಇಂದಿನ ಒಂಟಾರಿಯೊ ಸರೋವರಕ್ಕಿಂತ ದೊಡ್ಡದಾದ, ಎತ್ತರದ ಮಟ್ಟದಲ್ಲಿದ್ದ ಇರೊಕ್ವಾ ಸರೋವರವಿತ್ತು. ನೀರು ಇಳಿದ ಮೇಲೆ ಸಡಿಲ ಮಣ್ಣನ್ನು ತೊರೆಗಳು ಕೊರೆದು ಈ ಕಮರಿಗಳಾದವು.

ನಿಲ್ದಾಣದ ಹಿಂಬದಿಯಲ್ಲೇ ಸೀಡರ್‌ವೇಲ್ ಕಮರಿ ತೊಡಗುತ್ತದೆ. ಇಳಿದು ಹೋದರೆ ಊರಿನ ಗದ್ದಲ ತಲೆಯ ಮೇಲೆ ಉಳಿದುಬಿಡುತ್ತದೆ. ಕಾಲಡಿ ಒದ್ದೆ ಎಲೆ, ಪಕ್ಕದಲ್ಲಿ ಜೊಂಡು ಬೆಳೆದ ಜೌಗು. ಹೊಳೆ ಮಾತ್ರ ಕಾಣುವುದಿಲ್ಲ. ಈ ಕಮರಿಯನ್ನು ಕೊರೆದ ಕ್ಯಾಸಲ್ ಫ್ರಾಂಕ್ ತೊರೆಯನ್ನು ಎಂದೋ ಕೊಳವೆಯೊಳಗೆ ಹಾಕಿ ಮುಚ್ಚಿದ್ದಾರೆ. ಅದು ಈಗ ಗುಪ್ತಗಾಮಿನಿ. ಅದರ ನೆರೆಯಲ್ಲೇ ನೆಲದಡಿ ನಾವು ಬಂದ ರೈಲೂ ಓಡುತ್ತದೆ. ಒಂದು ಕಾಲಕ್ಕೆ ಈ ಕಮರಿಯುದ್ದಕ್ಕೂ ಸ್ಪಡೈನಾ ಹೆದ್ದಾರಿ ಹಾಸುವ ಯೋಜನೆಯಿತ್ತು. ಜನ ಎದ್ದು ನಿಂತು ಜಗಳವಾಡಿದರು, 1971ರಲ್ಲಿ ಪ್ರಾಂತೀಯ ಸರ್ಕಾರ ಅದನ್ನು ಕೈಬಿಟ್ಟಿತು.

"ಇಷ್ಟು ಜಾಗ ಖಾಲಿ ಬಿಟ್ಟಿದಾರಲ್ಲೇ, ಬೆಂಗಳೂರಾಗಿದ್ರೆ ಲೇಔಟ್ ಎದ್ದಿರ್ತಿತ್ತು" ಅಂದೆ.

"ಇಲ್ಲೂ ಏಳ್ತಿತ್ತು ಮಾವ, ಹೇಜಲ್ ಬರದೇ ಇದ್ದಿದ್ರೆ" ಅಂದಳು.

1954ರ ಅಕ್ಟೋಬರ್ 15ರ ರಾತ್ರಿ ಹೇಜಲ್ ಚಂಡಮಾರುತ ಇಲ್ಲಿ ಮಳೆ ಸುರಿಸಿತು. ಒಂಟಾರಿಯೊದಲ್ಲಿ 81 ಜನ ಸತ್ತರು. ಹಂಬರ್ ನದಿಯ ದಂಡೆಯ ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನ, ಮನೆಗಳ ಸಮೇತ ಕೊಚ್ಚಿಹೋದರು. ಅಂದಿನಿಂದ ನದಿಪಾತ್ರಗಳಲ್ಲಿ ಮನೆ ಕಟ್ಟಲು ತಡೆ ಬಿತ್ತು, ಕಮರಿಗಳು ಉದ್ಯಾನವಾಗಿ ಉಳಿದವು. ಮಳೆಗೂ ಸಾವಿಗೂ ಈ ಊರಿನಲ್ಲಿ ಗಂಟು ಬಿದ್ದಿರುವುದು ಹೀಗೆ. ಅದಕ್ಕೆ ಯಾವ ಗೈಡೂ ಬೇಕಾಗಲಿಲ್ಲ.

ಮತ್ತೆ ಮೇಲೆ ಹತ್ತಿ ಬಾಥರ್ಸ್ಟ್ ರಸ್ತೆಗೆ ಬಂದೆವು. 1599 ಒಂದು ಸಾಧಾರಣ ಇಟ್ಟಿಗೆಯ ಅಪಾರ್ಟ್‌ಮೆಂಟು. ಈಗ ಹೆಮಿಂಗ್ವೆಯ ಹೆಸರೇ ಅದಕ್ಕೆ. ಮುಖ ರಸ್ತೆಗೆ, ಬೆನ್ನು ಕಮರಿಗೆ. 1923ರ ಶರತ್ಕಾಲದಿಂದ 1924ರ ಜನವರಿಯವರೆಗೆ ಅರ್ನೆಸ್ಟ್ ಹೆಮಿಂಗ್ವೆ, ಹೆಂಡತಿ ಹ್ಯಾಡ್ಲಿಯೊಡನೆ ಇಲ್ಲಿದ್ದ. ಅದಕ್ಕೂ ಮೊದಲು, 1920ರ ಜನವರಿಯಲ್ಲಿ, ಇಟಲಿಯಲ್ಲಿ ಗಾಯಗೊಂಡು ಬಂದಿದ್ದ ಇಪ್ಪತ್ತರ ಹುಡುಗನಾಗಿ ಈ ಊರಿಗೆ ಕಾಲಿಟ್ಟಿದ್ದ. ಕಾಸಾ ಲೋಮಾ ಕೋಟೆಮನೆ ನಿಂತಿರುವ ದಿಣ್ಣೆಯ ಮೇಲೆ, ಲಿಂಡ್‌ಹರ್ಸ್ಟ್ ಬೀದಿಯಲ್ಲಿ, ಕಾನಬಲ್ ಎಂಬ ಶ್ರೀಮಂತರ ಮಗನಿಗೆ ಜೊತೆಗಾರನಾಗಿ ಇದ್ದುಕೊಂಡು, ಕೆಳಗೆ ಕಿಂಗ್ ಬೀದಿಯ 'ಸ್ಟಾರ್' ಪತ್ರಿಕೆಗೆ ಬರೆಯತೊಡಗಿದ. ಆ ದಿಣ್ಣೆ ಇರೊಕ್ವಾ ಸರೋವರದ ಹಳೆಯ ದಡ. ಅಲ್ಲಿಂದ ಬಾಲ್ಡ್‌ವಿನ್ ಮೆಟ್ಟಿಲುಗಳನ್ನು ಇಳಿದರೆ ಊರಿನ ಬಯಲು. ಮನೆ ಎತ್ತರದಲ್ಲಿ, ದುಡಿಮೆ ತಗ್ಗಿನಲ್ಲಿ! ಬೆಟ್ಟ ಮತ್ತು ಬಯಲಿನ ಪ್ರತಿಮೆ ಇಲ್ಲೇ ಹುಟ್ಟಿತು ಎಂದು ಹೇಳಿಬಿಡುವ ಆಸೆ ನನಗೂ ಆಯಿತು. ಮೇಷ್ಟರ ಚಪಲ ಎಂದು ತಡೆದುಕೊಂಡೆ.

ಈ ಊರಿಗೂ ಆ ಕಾದಂಬರಿಗೂ ಇರುವ ಗಟ್ಟಿ ನಂಟು ಬೇರೆ ಕಡೆ ಇದೆ. 1921ರ ಕೊನೆಯಲ್ಲಿ ಸ್ಟಾರ್ ಪತ್ರಿಕೆಯ ವರದಿಗಾರನಾಗಿ ಅವನು ಪ್ಯಾರಿಸಿಗೆ ಹೋದ. ಮರುವರ್ಷ ಗ್ರೀಸ್ ಮತ್ತು ತುರ್ಕಿಯ ಯುದ್ಧ ಮುಗಿಯುವ ಹೊತ್ತಿಗೆ ಥ್ರೇಸಿಗೆ ಹೋದ. 1922ರ ಅಕ್ಟೋಬರ್ 20ರ ಟೊರಾಂಟೊ ಡೈಲಿ ಸ್ಟಾರ್‌ನಲ್ಲಿ ಅವನ ವರದಿ ಅಚ್ಚಾಯಿತು. ನಗರದ ಗ್ರಂಥಾಲಯದ ಕಾರ್ಡು ಇದ್ದವರಿಗೆ ಆ ಪತ್ರಿಕೆಯ ಹಳೆಯ ಪುಟಗಳು ಮೊಬೈಲಿನಲ್ಲೇ ತೆರೆದುಕೊಳ್ಳುತ್ತವೆ. ಕಟ್ಟಡದ ಬಾಗಿಲ ಮರೆಯಲ್ಲಿ ಛತ್ರಿ ಹಿಡಿದು ನಿಂತು ಅವಳು ಓದಿದಳು, ನಾನು ಕೇಳಿದೆ.

ಆಡ್ರಿಯಾನೋಪಲ್ ಬಳಿ ಮಾರಿತ್ಸಾ ನದಿ ದಾಟುತ್ತಿರುವ ನಿರಾಶ್ರಿತರ ಸಾಲು, ಇಪ್ಪತ್ತು ಮೈಲಿ ಉದ್ದ. ಎತ್ತು, ಹಸು, ಕೆಸರು ಮೆತ್ತಿದ ಕೋಣ ಕಟ್ಟಿದ ಗಾಡಿಗಳು. ಮಳೆ. ಒಂದು ಗಾಡಿಯಲ್ಲಿ ಹೆಂಗಸೊಬ್ಬಳಿಗೆ ಹೆರಿಗೆ ನೋವು. ಗಂಡ ಅವಳ ಮೇಲೆ ಕಂಬಳಿ ಹರಡಿ ಹಿಡಿದು ಮಳೆ ತಡೆಯುತ್ತಿದ್ದಾನೆ. ಪುಟ್ಟ ಮಗಳು ನೋಡಿ ಹೆದರಿ ಅಳುತ್ತಾಳೆ.

ಓದಿ ನಿಲ್ಲಿಸಿದವಳು, "ಮಾವ, ಈ ಹೆಂಗಸು ಕಾದಂಬರಿಯಲ್ಲಿ ಬರ್ತಾಳಾ?" ಎಂದಳು.

ಅವಳು ಬರುವುದಿಲ್ಲ. ಅವಳನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತದೆ. ಕಾದಂಬರಿಯ ನಡುಭಾಗದಲ್ಲಿರುವುದು ಕಪೊರೆಟ್ಟೊ ಸೋಲಿನ ನಂತರದ ಹಿಮ್ಮೆಟ್ಟುವಿಕೆ. 1917ರ ಅಕ್ಟೋಬರ್ 24ರಂದು ಆಸ್ಟ್ರಿಯ, ಜರ್ಮನಿಯ ಪಡೆಗಳು ಮಳೆ, ಮಂಜಿನ ನಡುವೆ ನುಗ್ಗಿದವು. ಎರಡೂವರೆ ಲಕ್ಷಕ್ಕೂ ಹೆಚ್ಚು ಇಟಲಿಯ ಸೈನಿಕರು ಸೆರೆಸಿಕ್ಕರು. ಉಳಿದವರು ತುಂಬಿ ಹರಿಯುತ್ತಿದ್ದ ಟಾಲಿಯಮೆಂಟೊ ನದಿಯತ್ತ ಓಡಿದರು. ಹೆಮಿಂಗ್ವೆ ಅದನ್ನು ಕಂಡವನಲ್ಲ. ಅವನು ರೆಡ್‌ಕ್ರಾಸ್ ಗಾಡಿ ಓಡಿಸಲು ಇಟಲಿಗೆ ಬಂದದ್ದೇ 1918ರ ಜೂನ್‌ನಲ್ಲಿ. ಜುಲೈ 8ರಂದು ಪಿಯಾವೆ ನದಿಯ ದಂಡೆಯಲ್ಲಿ ಗಾಯಗೊಂಡ. ಕಾಣದ ಸೋಲನ್ನು ಬರೆಯುವಾಗ ನಕ್ಷೆ, ಪುಸ್ತಕಗಳು ದಾರಿ, ಊರುಗಳ ಹೆಸರನ್ನು ಕೊಟ್ಟವು. ಕೆಸರಿನಲ್ಲಿ ಹೂತ ಗಾಡಿ, ಮನೆಸಾಮಾನಿನ ಮೇಲೆ ಕೂತು ನೆನೆಯುವ ಹೆಂಗಸರು, ತೆವಳುತ್ತ ನಿಂತುಬಿಡುವ ಸಾಲು, ಇವೆಲ್ಲ ಥ್ರೇಸಿನ ಮಳೆಯಲ್ಲಿ ಅವನ ಕಣ್ಣಿಗೆ ಬಿದ್ದು, ಮೊದಲು ಟೊರಾಂಟೊ ಓದುಗರ ಮನೆಗೆ ಹೋದವು. ಏಳು ವರ್ಷಗಳ ಮೇಲೆ, 1929ರ ಸೆಪ್ಟೆಂಬರಿನಲ್ಲಿ, ಕಾದಂಬರಿ ಹೊರಬಂತು. ಅದರ ಕೊನೆಯಲ್ಲಿ ನಾಯಕಿ ಕ್ಯಾಥರೀನ್ ಹೆರಿಗೆಯಲ್ಲಿ ಸಾಯುತ್ತಾಳೆ, ಹೊರಗೆ ಮಳೆ. ವರದಿ ಅಚ್ಚಾದ ಮರುವರ್ಷದ ಅಕ್ಟೋಬರ್ 10ರಂದು ಹ್ಯಾಡ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಮೊದಲ ಮಗುವನ್ನು ಹೆತ್ತಾಗ ಗಂಡ ಪಕ್ಕದಲ್ಲಿರಲಿಲ್ಲ. ಪತ್ರಿಕೆಯ ಕೆಲಸಕ್ಕೆ ನ್ಯೂಯಾರ್ಕಿಗೆ ಹೋಗಿ ರೈಲಿನಲ್ಲಿ ಮರಳುತ್ತಿದ್ದ.

ಬೆಟ್ಟ ನೆಮ್ಮದಿ, ಬಯಲು ಯುದ್ಧ ಎಂಬ ಪಟ್ಟಿಯ ಮೂಲ ಕಾರ್ಲೋಸ್ ಬೇಕರ್ 1952ರಲ್ಲಿ ಬರೆದ ವಿಮರ್ಶೆ. ಬೇಕರ್ ಬಲ್ಲವನು, ಗೈಡುಗಳು ಅವನನ್ನು ಒಣಗಿಸಿ ಉಪ್ಪಿನಕಾಯಿ ಹಾಕಿದವು. ಕಾದಂಬರಿಯಲ್ಲಿ ಯುದ್ಧ ನಡೆಯುವುದೂ ಬೆಟ್ಟದಲ್ಲೇ. ಮೊದಲ ಅಧ್ಯಾಯದಲ್ಲಿ ಮಳೆ ತರುವುದು ಕಾಲರಾ. ಪ್ರೇಮಿಗಳು ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲೆ ಹಿಮದ ನಡುವೆ ಸುಖವಾಗಿದ್ದದ್ದು ನಿಜ. ಹಿಮ ಗಟ್ಟಿಯಾಗಿರುವ ತನಕ ದಾರಿ ಗಟ್ಟಿ. ಕರಗಿ ಮಳೆಯಾದರೆ ಕೆಸರು, ಆಸ್ಪತ್ರೆ ಇರುವ ಊರಿಗೆ ಇಳಿಯಲೇಬೇಕು. ಮೊದಲು ಅಲ್ಲಿರುವುದು ಬಸುರಿಯೊಬ್ಬಳ ಪ್ರಯಾಣದ ಕಷ್ಟ.

ನದಿಯ ವಿಷಯದಲ್ಲಿ ನನಗೆ ನೆನಪಾಗುವವನು ರನ್ನ. 'ಗದಾಯುದ್ಧ'ದಲ್ಲಿ ದುರ್ಯೋಧನ ತನ್ನವರ ಹೆಣಗಳನ್ನು ದಾಟುತ್ತ ನಡೆದು ಕೊನೆಗೆ ವೈಶಂಪಾಯನ ಸರೋವರದೊಳಗೆ ಅಡಗುತ್ತಾನೆ. ಭೀಮನ ಗರ್ಜನೆಗೆ ನೀರಿನಡಿಯಲ್ಲೂ ಅವನ ಮೈ ಬೆವರುತ್ತದೆ. ಹೊರಗೆ ಬಂದು ಕಾದಿ ಬೀಳುತ್ತಾನೆ. ಹೆಮಿಂಗ್ವೆಯ ಫ್ರೆಡೆರಿಕ್ ಹೆನ್ರಿ, ಹಿಮ್ಮೆಟ್ಟಿದ ಅಧಿಕಾರಿಗಳನ್ನು ತನ್ನದೇ ಕಡೆಯ ಪೊಲೀಸರು ಗುಂಡಿಟ್ಟು ಕೊಲ್ಲುತ್ತಿರುವಾಗ ಟಾಲಿಯಮೆಂಟೊಗೆ ಹಾರುತ್ತಾನೆ. ಮರದ ತೊಲೆಯೊಂದನ್ನು ಅಪ್ಪಿ ತೇಲಿ ದಡ ಸೇರಿ, ತೋಳಿನ ಮೇಲಿನ ನಕ್ಷತ್ರಗಳನ್ನು ಕತ್ತರಿಸಿ ಹಾಕುತ್ತಾನೆ. ಒಬ್ಬನನ್ನು ನೀರು ಯುದ್ಧಕ್ಕೆ ಮರಳಿಸಿತು, ಇನ್ನೊಬ್ಬನನ್ನು ಯುದ್ಧದಿಂದ ಬಿಡಿಸಿತು. ದುರ್ಯೋಧನನಿಗೆ ಕಳಚಿಡಲು ಆಗದ ಛಲವಿತ್ತು. ಇವನಿಗೆ ಇದ್ದದ್ದು ಬಟ್ಟೆಯ ಮೇಲೆ ಹೊಲಿದ ಅಧಿಕಾರ ಮಾತ್ರ.

ಬಾಥರ್ಸ್ಟ್ ರಸ್ತೆಯಿಂದ ನಾವು ಹೂತುಹೋದ ತೊರೆಯ ಜಾಡು ಹಿಡಿದು ಪೂರ್ವಕ್ಕೆ ಹೊರಟೆವು. ಕ್ಯಾಸಲ್ ಫ್ರಾಂಕ್ ತೊರೆ ನಗರದಡಿ ಹಾದು ರೋಸ್‌ಡೇಲ್ ಕಣಿವೆಯಲ್ಲಿ ಇಳಿದು ಡಾನ್ ನದಿಯತ್ತ ಹೋಗುತ್ತದೆ. ರೋಸ್‌ಡೇಲ್ ಹಳೆಯ ಹಣವಂತರ ಬಡಾವಣೆ. ಬೀದಿಗಳು ಸೊಟ್ಟ, ಮರಗಳು ದೊಡ್ಡವು, ಮನೆಗಳು ಕಮರಿಯ ಅಂಚಿಗೆ ನಿಂತಿವೆ. ಕಾದಂಬರಿಕಾರ ತಿಮೊತಿ ಫಿಂಡ್ಲೆ ಬೆಳೆದದ್ದು ಇಲ್ಲಿ. 1977ರ ಅವನ 'ದ ವಾರ್ಸ್' ಕೆನಡಾದ ಅತಿ ಮುಖ್ಯ ಯುದ್ಧ ಕಾದಂಬರಿಗಳಲ್ಲಿ ಒಂದು, ಗವರ್ನರ್ ಜನರಲ್ ಪ್ರಶಸ್ತಿ ಪಡೆದದ್ದು. ಟೊರಾಂಟೊದ ಇಂಥದೇ ಮನೆತನದ ಹುಡುಗ ರಾಬರ್ಟ್ ರಾಸ್ ಮೊದಲ ಮಹಾಯುದ್ಧಕ್ಕೆ ಹೋಗಿ ಫ್ಲಾಂಡರ್ಸ್‌ನ ಕೆಸರಿಗೆ ಬೀಳುತ್ತಾನೆ. ಬೆಲ್ಜಿಯಂನ ಆ ತಗ್ಗು ನೆಲದ ಜೇಡಿಮಣ್ಣಿನಲ್ಲಿ ಸ್ವಲ್ಪ ತೋಡಿದರೆ ನೀರು. ರೈತರು ತಲೆಮಾರುಗಳಿಂದ ಕಾಲುವೆ ತೆಗೆದು ಬಸಿದು ಉಳಿಸಿಕೊಂಡಿದ್ದ ಹೊಲಗಳ ಕಾಲುವೆಗಳನ್ನೆಲ್ಲ ಫಿರಂಗಿಗಳು ಒಡೆದವು. ಆಮೇಲೆ ಬಿದ್ದ ಮಳೆ ಎಲ್ಲಿಗೂ ಹೋಗಲಿಲ್ಲ. ಮನುಷ್ಯರು, ಕುದುರೆಗಳು ಗುಂಡು ತಾಗದೆಯೂ ಕೆಸರಲ್ಲಿ ಮುಳುಗಿ ಸತ್ತದ್ದು ಹಾಗೆ. ಫಿಂಡ್ಲೆಯ ಕಾದಂಬರಿಯಲ್ಲಿ ಮಣ್ಣು, ನೀರು, ಗಾಳಿ, ಬೆಂಕಿ ನಾಲ್ಕೂ ಮನುಷ್ಯನ ಮೇಲೆ ತಿರುಗಿ ಬೀಳುತ್ತವೆ. ಗಾಳಿ ವಿಷಾನಿಲ ಹೊತ್ತು ತರುತ್ತದೆ. ರಾಬರ್ಟನ ಮೈಯನ್ನು ಕೊನೆಗೆ ಬೆಂಕಿ ಸುಡುತ್ತದೆ. ಅವನ್ನು ತಿರುಗಿಸಿದವರು ಯಾರು ಎಂಬುದೇ ಕಾದಂಬರಿಯ ಪ್ರಶ್ನೆ. ಇದೇ ಟೊರಾಂಟೊಗೆ 1834ರವರೆಗೆ ಯಾರ್ಕ್ ಎಂದು ಹೆಸರು. ಬೀದಿಗಳ ಸ್ಥಿತಿ ಕಂಡ ಜನ ಅದನ್ನು 'ಕೆಸರು ಯಾರ್ಕ್' ಎಂದು ಹಂಗಿಸುತ್ತಿದ್ದರು. ಇಲ್ಲಿ ಕೆಸರು ಚೇಷ್ಟೆಯ ಮಾತಾಗಿತ್ತು, ಅಲ್ಲಿ ಗೋರಿಯಾಯಿತು.

ಕ್ಯಾಸಲ್ ಫ್ರಾಂಕ್ ನಿಲ್ದಾಣದ ಬಳಿ ಡಾನ್ ಕಣಿವೆಯ ಮೇಲೆ ಬ್ಲೂರ್ ಸೇತುವೆ ಕಾಣುತ್ತದೆ. 1918ರಲ್ಲಿ ಮುಗಿದ ಇದರ ಕೆಳ ಅಂತಸ್ತನ್ನು ಮುಂದೆಂದೋ ಬರುವ ರೈಲಿಗಾಗಿ ಆಗಲೇ ಕಟ್ಟಿಟ್ಟಿದ್ದರು; ರೈಲು ಬಂದದ್ದು 1966ರಲ್ಲಿ. ಮೈಕೆಲ್ ಒಂಡಾಟ್ಜೆ ತನ್ನ 'ಇನ್ ದ ಸ್ಕಿನ್ ಆಫ್ ಎ ಲಯನ್' ಕಾದಂಬರಿಯಲ್ಲಿ ಈ ಸೇತುವೆ ಕಟ್ಟಿದ ವಲಸೆ ಕೂಲಿಗಳ ಕಥೆ ಹೇಳಿದ. ಕೊಲಂಬೊದಲ್ಲಿ ಹುಟ್ಟಿ 1962ರಲ್ಲಿ ಕೆನಡಾಕ್ಕೆ ಬಂದವನು, ಡಾನ್ ಕಣಿವೆಯ ಮೇಲ್ದಂಡೆಯಲ್ಲಿರುವ ಗ್ಲೆಂಡನ್ ಕಾಲೇಜಿನಲ್ಲಿ ಪಾಠ ಮಾಡಿದವನು. ಆ ಕಾದಂಬರಿಯ ಹುಡುಗಿ ಹಾನಾ ಮುಂದೆ ಬೆಳೆದು, 1992ರ 'ದ ಇಂಗ್ಲಿಷ್ ಪೇಶಂಟ್'ನಲ್ಲಿ ಇಟಲಿಯ ಪಾಳು ಬಂಗಲೆಯ ನರ್ಸ್ ಆಗುತ್ತಾಳೆ. ಅಲ್ಲಿ ತೋಟದ ಮರಗಿಡಗಳ ನಡುವೆಯೂ ಬಾಂಬು. ಅವನ್ನು ತೆಗೆಯಲು ಬಂದವನು ಪಂಜಾಬಿನ ಕಿಪ್.

'ದ ಇಂಗ್ಲಿಷ್ ಪೇಶಂಟ್'ನ ಇನ್ನರ್ಧ ಮರುಭೂಮಿ. ಮಲೆನಾಡಿನವರು ಮಳೆಗೆ ನಕ್ಷತ್ರದ ಹೆಸರಿಟ್ಟು ಒಂದೊಂದರ ಗುಣ ಹೇಳುವ ಹಾಗೆ ಆ ಕಾದಂಬರಿಯಲ್ಲಿ ಮರಳುಗಾಡಿನ ಗಾಳಿಗಳಿಗೆಲ್ಲ ಹೆಸರುಗಳಿವೆ. ನೀರಿಲ್ಲದ ನೆಲದ ಗುಹೆಯೊಂದರಲ್ಲಿ ಈಜುವ ಮನುಷ್ಯರ ಚಿತ್ರಗಳಿವೆ. ಇದು ಕಲ್ಪನೆಯಲ್ಲ. ಈಜಿಪ್ಟಿನ ಗಿಲ್ಫ್ ಕೆಬೀರ್‌ನ ಆ ಗುಹೆಯನ್ನು 1933ರಲ್ಲಿ ಹಂಗೇರಿಯ ಆಲ್ಮಾಶಿ ಕಂಡುಹಿಡಿದ. ಅದೇ ಆಲ್ಮಾಶಿ 1942ರಲ್ಲಿ ತನ್ನ ದಾರಿಯ ತಿಳಿವಳಿಕೆಯನ್ನು ಬಳಸಿ ಜರ್ಮನ್ ಗೂಢಚಾರರನ್ನು ಮರಳುಗಾಡು ದಾಟಿಸಿದ. ಗಡಿಯಿಲ್ಲದ ನೆಲ ಎಂದು ಪ್ರೀತಿಸಿದವನ ನಕ್ಷೆಯೇ ಸೇನೆಯ ಕೈಗೆ ಸೇರಿತು.

ಮೂವರು ಬರಹಗಾರರನ್ನೂ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಊರು ತನ್ನ ನೆಲದ ಮೇಲೆ ದೊಡ್ಡ ಕದನ ಕಂಡದ್ದು 1813ರ ಏಪ್ರಿಲ್ 27ರಂದು, ಅಮೆರಿಕದ ಪಡೆ ಯಾರ್ಕ್ ಕೋಟೆಯ ಮೇಲೆ ಬಿದ್ದಾಗ. ಆಮೇಲಿನ ಮಹಾಯುದ್ಧಗಳಿಗೆ ಇಲ್ಲಿಯ ಹುಡುಗರು ಬೇರೆಯವರ ನೆಲಕ್ಕೆ ಹೋದರು. ಹಾಗಾಗಿ ಈ ಊರಿನ ನಂಟಿದ್ದು ಯುದ್ಧ ಬರೆದವರು ದೂರದ ಮಣ್ಣಿನ ಗುಣವನ್ನು ಪಾಠ ಕಲಿತ ಹಾಗೆ ಕಲಿಯಬೇಕಾಯಿತು. ನಮ್ಮ ಭೈರಪ್ಪನವರು 'ಪರ್ವ' ಬರೆಯುವ ಮುಂಚೆ ಗಢವಾಲದ ಬೆಟ್ಟ, ಕುರುಕ್ಷೇತ್ರ, ದ್ವಾರಕೆಗಳನ್ನು ಸುತ್ತಿ ಬಂದದ್ದೂ ಇದೇ ಹಟದಿಂದ. ಆ ಕಾದಂಬರಿಯ ಕುರುಕ್ಷೇತ್ರದಲ್ಲಿ ಪುರಾಣದ ಪರಿಮಳವಿಲ್ಲ. ಕೊಳೆಯುವ ಹೆಣಗಳ ನಾತವಿದೆ.

ಕೊನೆಯ ನಿಲ್ದಾಣ ಸ್ಕಾರ್ಬರೋದ ಉತ್ತರ ತುದಿ. ಕೆನಡಿ ರಸ್ತೆ ಸ್ಟೀಲ್ಸ್ ರಸ್ತೆಯನ್ನು ಸೇರುವ ಕಡೆ, ಚೀನೀ ಬ್ಯಾಪ್ಟಿಸ್ಟ್ ಚರ್ಚಿನ ಆವರಣದಲ್ಲಿ ಕೆಲವು ಓಕ್ ಮರಗಳಿವೆ. 1917ರ ಏಪ್ರಿಲ್ 9ರಿಂದ 12ರವರೆಗೆ ಫ್ರಾನ್ಸಿನ ವಿಮಿ ದಿಣ್ಣೆಗಾಗಿ ನಡೆದ ಕದನದಲ್ಲಿ 3,598 ಕೆನಡಾ ಸೈನಿಕರು ಸತ್ತರು. ಕದನ ಮುಗಿದ ಮೇಲೆ ಲೆಸ್ಲಿ ಮಿಲ್ಲರ್ ಎಂಬ ಇಲ್ಲಿಯ ಯೋಧ, ಗುಂಡಿಗೆ ಸಿಕ್ಕಿ ಉರುಳಿ ಅರ್ಧ ಹೂತುಹೋಗಿದ್ದ ಓಕ್ ಮರವೊಂದರ ಬೀಜಗಳನ್ನು ಆಯ್ದು ಮನೆಗೆ ಅಂಚೆಯಲ್ಲಿ ಕಳಿಸಿದ. ಅವು ಮೊಳೆತವು. ಅವನ ಜಮೀನಿಗೆ ವಿಮಿ ಓಕ್ಸ್ ಎಂದೇ ಹೆಸರಾಯಿತು. ವಿಮಿಯ ಹಳೆಯ ಓಕ್‌ಗಳು ಯುದ್ಧದಲ್ಲಿ ನಾಶವಾಗಿದ್ದರಿಂದ, ಶತಮಾನದ ನೆನಪಿಗೆ ಈ ಮರಗಳ ಸಸಿಗಳನ್ನು ಬೆಳೆಸಿ ಫ್ರಾನ್ಸಿನ ಆ ದಿಣ್ಣೆಯ ಪಕ್ಕ ನೆಟ್ಟರು. 2018ರಲ್ಲಿ ಆ ಉದ್ಯಾನ ತೆರೆಯಿತು. ದಿಣ್ಣೆಯ ಮೇಲೆ ನಿಂತಿರುವ ಬಿಳಿಗಲ್ಲಿನ ಸ್ಮಾರಕವನ್ನು ಕಡೆಸಿದ ಶಿಲ್ಪಿ ವಾಲ್ಟರ್ ಆಲ್‌ವರ್ಡ್ ಕೂಡ ಟೊರಾಂಟೊದವನೇ.

ಯುದ್ಧ ಕಾದಂಬರಿಯ ಬೆಟ್ಟ, ಹೊಳೆ, ಮಳೆಗಳಿಗೆ ಅರ್ಥ ಕಟ್ಟುವವರು ಮೊದಲು ಅಲ್ಲಿಯ ಮಣ್ಣು ಯಾವುದು, ನೀರು ಎಲ್ಲಿಗೆ ಹರಿಯುತ್ತದೆ, ಗಾಡಿ ಯಾಕೆ ಹೂತಿತು ಎಂದು ಕೇಳಬೇಕು. ಅದನ್ನು ಕೇಳದ ಓದು ಅರ್ಧ ಓದು. ಟೊರಾಂಟೊಗೆ ಬರುವ ನಮ್ಮವರು ಒಂದು ದಿನ ಇದಕ್ಕಾಗಿ ಉಳಿಸಿಕೊಳ್ಳಿ. ಸೇಂಟ್ ಕ್ಲೇರ್ ವೆಸ್ಟ್‌ನಿಂದ ರೋಸ್‌ಡೇಲ್ ಹಾದು ಕ್ಯಾಸಲ್ ಫ್ರಾಂಕ್‌ವರೆಗೆ ನಿಧಾನವಾಗಿ ನಡೆದರೂ ಅರ್ಧ ದಿನ ಸಾಕು. ಶರತ್ಕಾಲದಲ್ಲಿ ಎಲೆಗಳ ಮೇಲೆ ಕಾಲು ಜಾರುತ್ತದೆ, ಒಳ್ಳೆಯ ಬೂಟು ಇರಲಿ. ಈ ಮೂರು ಯುದ್ಧ ಕಾದಂಬರಿಗಳಲ್ಲಿ ಒಂದನ್ನಾದರೂ ಓದಿಕೊಂಡು ಬನ್ನಿ.